ಸಶೇಷ ಎಂದು ನಿಲ್ಲಿಸಿ

ಪ್ರಶ್ನೆ: ನಮ್ಮ ಮನೆ ಬಾಪೂಜಿ ನಗರದಲ್ಲಿ. ಮೈಸೂರು ರಸ್ತೆಯ ಬಸ್ಸುಗಳ ಹಾರ್ನ್ ಕೇಳಿಸುವಷ್ಟು ಹತ್ತಿರ, ಎರಡನೇ ಮಹಡಿಯ ಬಾಡಿಗೆ ಮನೆ. ಯಜಮಾನರಿಗೆ ಕಾರ್ಖಾನೆ ಕೆಲಸ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳಿಗೆ 14, ಒಂಬತ್ತನೇ ತರಗತಿ. ಮಗನಿಗೆ 11. ಇಬ್ಬರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತಾಡುವುದೆಲ್ಲ ಕನ್ನಡವೇ. ಕಳೆದ ವರ್ಷ ಪರಿಚಯದ ಟೀಚರೊಬ್ಬರು ಮಕ್ಕಳು ಓದಲೇಬೇಕಾದ ಕಾದಂಬರಿಗಳು ಎಂದು ಒಂದು ಪಟ್ಟಿ ಬರೆದುಕೊಟ್ಟರು. ಹೊಲಿಗೆ ದುಡ್ಡು ಕೂಡಿಸಿ ‘ಮಲೆಗಳಲ್ಲಿ ಮದುಮಗಳು’ ತಂದೆ. ಮಗಳು ಹನ್ನೆರಡು ಪುಟ ಓದಿ ಇಟ್ಟವಳು ಮತ್ತೆ ಮುಟ್ಟಲಿಲ್ಲ. ಪುಸ್ತಕ ಶೋಕೇಸಿನಲ್ಲಿ ಧೂಳು ತಿನ್ನುತ್ತಿದೆ. ಆದರೆ ಗೆಳತಿ ಕೊಟ್ಟ ದಪ್ಪ ಇಂಗ್ಲಿಷ್ ಲವ್ ಸ್ಟೋರಿಯನ್ನು ನಾಲ್ಕು ರಾತ್ರಿಯಲ್ಲಿ, ಹೊದಿಕೆಯೊಳಗೆ ಮೊಬೈಲ್ ಬೆಳಕಿನಲ್ಲಿ ಮುಗಿಸಿದಳು. ಅದರಲ್ಲಿ ಏನಿದೆಯೋ ಎಂದು ನನಗೆ ಭಯ. ಮಗನಂತೂ ಪುಸ್ತಕ ಹಿಡಿಯುವುದೇ ಇಲ್ಲ, ನಾಯಿ ಸಾಕಬೇಕು ಅಂತ ಒಂದೇ ಹಟ, ಓನರ್ ಒಪ್ಪುವುದಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇಟ್ಟುಕೊಂಡು ಕಾದಂಬರಿ ಯಾಕೆ ಅಂತ ಯಜಮಾನರು ಬೈಯುತ್ತಾರೆ. ಮದುವೆಗೆ ಮುಂಚೆ ನಾನೂ ಸಾಯಿಸುತೆ, ತ್ರಿವೇಣಿ ಎಲ್ಲ ಓದುತ್ತಿದ್ದೆ. ಈಗ ಟೈಮೆಲ್ಲಿ? ಈ ವಯಸ್ಸಿನ ಮಕ್ಕಳಿಗೆ ಸರಿಹೊಂದುವ ಕನ್ನಡ ಕಾದಂಬರಿಗಳ ಒಂದು ಪಟ್ಟಿ ಕೊಡುತ್ತೀರಾ?

— ಓದುಗರೊಬ್ಬರು, ಬಾಪೂಜಿ ನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ನನ್ನ ಕಣ್ಣು ನಿಂತದ್ದು ‘ಈಗ ಟೈಮೆಲ್ಲಿ’ ಎಂಬಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮನಸ್ಸಿನ ಒಂದು ಭಾರ ಇಳಿಸಿಬಿಡೋಣ. ನಿಮ್ಮ ಮಗಳು ಓದದ ಹುಡುಗಿಯಲ್ಲ. ನಾಲ್ಕು ರಾತ್ರಿಯಲ್ಲಿ ದಪ್ಪ ಕಾದಂಬರಿ ಮುಗಿಸುವವಳಿಗೆ ಓದಿನ ಹುಚ್ಚು ಹಿಡಿದಾಗಿದೆ. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ ಇಂಥ ಒಂದು ಮಗು ತರಗತಿಯಲ್ಲಿದ್ದರೆ ಆ ವರ್ಷ ಹಬ್ಬ. ಕನ್ನಡದ ಮೇಲೆ ಅವಳಿಗೆ ಪ್ರೀತಿ ಇಲ್ಲ ಎಂದೂ ತೀರ್ಮಾನಿಸಬೇಡಿ. ಒಂದು ಸಣ್ಣ ಪರೀಕ್ಷೆ ಮಾಡಿ. ಯಾವುದಾದರೂ ಕನ್ನಡ ಪುಸ್ತಕದ ಅರ್ಧ ಪುಟವನ್ನು ಅವಳ ಕೈಲಿ ಗಟ್ಟಿಯಾಗಿ ಓದಿಸಿ. ಒತ್ತಕ್ಷರ ಬಂದಲ್ಲೆಲ್ಲ ಗಾಡಿ ಹಂಪ್ ಹತ್ತಿ ಇಳಿದ ಹಾಗೆ ಕುಲುಕುತ್ತದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಎಂಬುದು ಮರೆತಿರುತ್ತದೆ. ಈಗ ಅದೇ ಅರ್ಧ ಪುಟವನ್ನು ನೀವು ಓದಿ ಹೇಳಿ. ಪೂರ್ತಿ ಅರ್ಥವಾಗುತ್ತದೆ, ನಗಬೇಕಾದಲ್ಲಿ ನಗುತ್ತಾಳೆ.

ಅಂದರೆ ಅವಳ ಕಿವಿಗೆ ಹದಿನಾಲ್ಕು ವರ್ಷದ ಕನ್ನಡ ಬಂದಿದೆ, ಕಣ್ಣಿಗೆ ಇನ್ನೂ ಎಂಟು ವರ್ಷದ್ದು. ಇಂಗ್ಲಿಷಿನಲ್ಲಿ ಇದು ತಲೆಕೆಳಗು. ಅಲ್ಲಿ ಕಣ್ಣು ಓಡುತ್ತದೆ. ಎರಡು ಪುಸ್ತಕ ಮುಂದಿಟ್ಟರೆ ಓಡುವ ದಾರಿಯನ್ನೇ ಯಾರಾದರೂ ಹಿಡಿಯುತ್ತಾರೆ. ನೀವು ಕೊಟ್ಟ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದದ್ದು, ಏಳುನೂರು ಪುಟದ ಹತ್ತಿರದ ಕಾಡು. ಮಲೆನಾಡಿನ ಮಾತು, ಲೆಕ್ಕವಿಡಲಾರದಷ್ಟು ಜನ, ಒಬ್ಬರ ಹಿಂದೆ ಒಬ್ಬರು. ನನ್ನಂಥ ಕನ್ನಡ ಎಂ.ಎ.ಯೇ ಮೊದಲ ಸಲ ಹೋದಾಗ ದಾರಿ ತಪ್ಪಿದ್ದೆ. ಅದನ್ನು ಪಟ್ಟಿಗೆ ಸೇರಿಸಿದ ಟೀಚರ ಮೇಲೆ ನನಗೇನೂ ಸಿಟ್ಟಿಲ್ಲ, ಅವರಿಗೆ ಪ್ರಿಯವಾದದ್ದನ್ನು ಬರೆದಿದ್ದಾರೆ. ಪಟ್ಟಿಗಳ ಹಣೆಬರಹವೇ ಅಷ್ಟು: ಬರೆದವರ ಮುಖ ಅದರಲ್ಲಿ ಕಾಣುತ್ತದೆ, ಓದಬೇಕಾದವರ ಮುಖ ಕಾಣುವುದಿಲ್ಲ.

ನಾನೂ ಈ ತಪ್ಪು ಮಾಡಿದವಳೇ. ನನ್ನ ಅಣ್ಣನ ಮಗನ ಹದಿಮೂರನೇ ಹುಟ್ಟುಹಬ್ಬಕ್ಕೆ ಕಾರಂತರ ‘ಮೂಕಜ್ಜಿಯ ಕನಸುಗಳು’ ಕೊಟ್ಟೆ. ಒಳಪುಟದಲ್ಲಿ ಆಶೀರ್ವಾದ, ಸಹಿ, ತಾರೀಖು, ಎಲ್ಲ ಬರೆದು. ಅವನಿಗೀಗ ಮೂವತ್ತು ದಾಟಿದೆ. ಹೋದ ವರ್ಷ ಅವರ ಮನೆಗೆ ಹೋದಾಗ ನೋಡುತ್ತೇನೆ, ಮೂಕಜ್ಜಿ ಅವನ ಲ್ಯಾಪ್‌ಟಾಪಿನ ಅಡಿಯಲ್ಲಿ ಕೂತಿದ್ದಾಳೆ. ‘ಅತ್ತೆ, ಹೈಟು ಕರೆಕ್ಟಾಗಿ ಬರುತ್ತೆ’ ಅಂದ.

ಸರಿ, ಹಾಗಾದರೆ ಏನು ಮಾಡಬೇಕು? ನೀವೇ ಹೇಗೆ ಓದುವವರಾದಿರಿ ಎಂದು ನೆನಪಿಸಿಕೊಳ್ಳಿ. ಸಾಯಿಸುತೆಯವರನ್ನು ನಿಮಗೆ ಯಾವ ಮೇಡಂ ಶಿಫಾರಸು ಮಾಡಿದರು? ಯಾರೂ ಇಲ್ಲ, ಅಲ್ಲವೇ? ಪಕ್ಕದ ಮನೆಯ ಅಕ್ಕನೋ ಚಿಕ್ಕಮ್ಮನೋ ನಲ್ಲಿ ಹತ್ತಿರ ನಿಂತು ಅರ್ಧ ಕತೆ ಹೇಳಿರುತ್ತಾರೆ. ಆಮೇಲೇನಾಯ್ತು ಎಂದರೆ ‘ನೀನೇ ಓದು’ ಎಂದು ಬಿಂದಿಗೆ ಎತ್ತಿಕೊಂಡು ಹೋಗಿರುತ್ತಾರೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕಗಳು ಕೈಯಿಂದ ಕೈಗೆ ದಾಟಿದ್ದೇ ಹೀಗೆ. ವಾರಪತ್ರಿಕೆಗಳ ಧಾರಾವಾಹಿಯದೂ ಇದೇ ಗುಟ್ಟು. 1965ರಲ್ಲಿ ‘ಸುಧಾ’ ಶುರುವಾದಾಗಿನಿಂದ ಎಷ್ಟು ಮನೆಗಳಲ್ಲಿ ಪತ್ರಿಕೆ ಬಂದ ಕೂಡಲೇ ಕಿತ್ತಾಟ! ಕಂತಿನ ಕೊನೆಯಲ್ಲಿ ಸಶೇಷ ಎಂದೋ ಮುಂದುವರಿಯುವುದು ಎಂದೋ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಕನ್ನಡದ ಎರಡು ತಲೆಮಾರಿಗೆ ಓದು ಹಚ್ಚಿದ್ದು ಆ ಒಂದು ಪದ ಎಂದರೂ ನಡೆಯುತ್ತದೆ. ಅದನ್ನೇ ನಿಮ್ಮ ಮನೆಗೂ ತನ್ನಿ. ಪುಸ್ತಕ ಕೊಡಬೇಡಿ, ಓದು ಅನ್ನಲೂ ಬೇಡಿ. ಮೊದಲ ಇಪ್ಪತ್ತು ಪುಟ ನೀವು ಓದಿ ಹೇಳಿ, ಒಳ್ಳೆಯ ಜಾಗದಲ್ಲಿ ನಿಲ್ಲಿಸಿ, ಪುಸ್ತಕವನ್ನು ಹೊಲಿಗೆ ಯಂತ್ರದ ಮೇಲೆ ಬೋರಲು ಮಾಡಿ ಎದ್ದುಹೋಗಿ. ಕಿವಿ ಎಳೆದುಕೊಂಡು ಹೋದ ದಾರಿಯಲ್ಲಿ ಕಣ್ಣು ತಾನಾಗಿ ನಡೆಯುತ್ತದೆ, ಮೊದಮೊದಲು ಎಡವುತ್ತಲೇ.

ಯಾವ ಪುಸ್ತಕ ಎಂಬ ಪ್ರಶ್ನೆಗೆ ಬರುವ ಮುಂಚೆ ಒಂದು ಕಷ್ಟ ಒಪ್ಪಿಕೊಳ್ಳಬೇಕು. ಹನ್ನೆರಡರಿಂದ ಹದಿನಾರರ ಮಕ್ಕಳಿಗೆಂದೇ ಬರೆದ ಕಾದಂಬರಿಗಳ ಕಪಾಟು ಕನ್ನಡದಲ್ಲಿ ಬಹಳ ಕಾಲ ಖಾಲಿಯೇ ಇತ್ತು. ನಮ್ಮ ಕಾಲದವರು ‘ಚಂದಮಾಮ’ದಿಂದ ಎಗರಿ ಸೀದಾ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕೈಹಿಡಿದವರು. ಅಲ್ಲಿಂದ ಇನ್ನೊಂದು ನೆಗೆತಕ್ಕೆ ತ.ರಾ.ಸು., ತ್ರಿವೇಣಿ, ಕಾರಂತ. ನಡುವೆ ಸೇತುವೆ ಇರಲಿಲ್ಲ, ಎಗರುವುದೇ ಅಭ್ಯಾಸವಾಗಿತ್ತು. ಇಂಗ್ಲಿಷಿನಲ್ಲಿ ಆ ವಯಸ್ಸಿಗೆಂದೇ ಅಂಗಡಿಯ ಒಂದು ಗೋಡೆ ಮೀಸಲು, ನಿಮ್ಮ ಮಗಳು ಅಲ್ಲಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಈಚಿನ ಹದಿನೈದು ವರ್ಷದಲ್ಲಿ ನಮ್ಮ ಕಪಾಟೂ ಸ್ವಲ್ಪ ತುಂಬಿದೆ. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡಲು ತೊಡಗಿದ ಮೇಲೆ ಇಂಥ ಪುಸ್ತಕಗಳ ಹೆಸರಾದರೂ ಹೊರಗೆ ಕೇಳುವಂತಾಯಿತು.

ಆ ಮೊದಲ ವರ್ಷದ ಕನ್ನಡದ ಪುರಸ್ಕಾರ ಪಡೆದ ಕಾದಂಬರಿಯೇ ನಿಮ್ಮ ಮಗನಿಂದ ಶುರುಮಾಡಲು ಸರಿ. ಬೋಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’. ಹೆಸರಲ್ಲೇ ಇದೆ ನೋಡಿ, ಪಾಪು ಬಾಪು ಆದದ್ದು. ಬಾಪೂಜಿ ನಗರದಲ್ಲಿ ಬೆಳೆಯುತ್ತಿರುವ ಹುಡುಗನಿಗೆ ತನ್ನ ಬಡಾವಣೆಯ ಬೋರ್ಡಿನ ಮೇಲಿರುವವರು ಒಂದು ಕಾಲಕ್ಕೆ ಕತ್ತಲಿಗೆ ಹೆದರುತ್ತಿದ್ದ, ಕದ್ದು ಬೀಡಿ ಸೇದಿದ ಹುಡುಗ ಎಂದು ಗೊತ್ತಿದೆಯೇ? ಕೇಳಿ ನೋಡಿ. ಪುಸ್ತಕ ಹಿಡಿಯದವನೂ ‘ಹೌದಾ?’ ಅನ್ನುತ್ತಾನೆ. ನಿರ್ದೇಶಕ ಪಿ. ಶೇಷಾದ್ರಿಯವರು ‘ಮೋಹನದಾಸ’ ಚಿತ್ರ ಮಾಡುವಾಗ ಆಧಾರವಾಗಿಟ್ಟುಕೊಂಡದ್ದರಲ್ಲಿ ಈ ಕಾದಂಬರಿಯೂ ಒಂದು. ಓದಿದ ಮೇಲೆ ಸಿನಿಮಾವೋ ಸಿನಿಮಾ ಆದ ಮೇಲೆ ಓದೋ, ಆ ಮಡಿ ನನಗಿಲ್ಲ.

ಇನ್ನು ನಾಯಿ. ಓನರ್ ಒಪ್ಪದಿದ್ದರೆ ಪುಸ್ತಕದಲ್ಲಿ ಸಾಕಲಿ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಕಿವಿ ಎಂಬ ನಾಯಿ ಇದೆ. ಇದು ಕಾದಂಬರಿಯಲ್ಲ, ಮೂಡಿಗೆರೆಯ ಕಾಡುಮೇಡಿನ ಬಿಡಿಬಿಡಿ ಕತೆಗಳು, ಆದ್ದರಿಂದಲೇ ರಾತ್ರಿಗೊಂದು ಎಂದು ಹೇಳಲು ಅನುಕೂಲ. ಇವು ಮುಗಿದ ಮೇಲೆ ತೇಜಸ್ವಿಯವರೇ ಕೆನೆತ್ ಆಂಡರ್ಸನ್ನನ ಬೇಟೆ ಅನುಭವಗಳಿಂದ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ನಾಲ್ಕು ಭಾಗ ಇವೆ. ಅದರಲ್ಲಿ ಒಂದರ ಹೆಸರು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ನಿಮ್ಮ ದೀಪಾಂಜಲಿನಗರದಲ್ಲಿ ಮೆಟ್ರೊ ಹತ್ತಿದರೆ ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಆಮೇಲೆ ಮಾಗಡಿ ರಸ್ತೆ. ದಿನಾ ಕಿವಿಗೆ ಬೀಳುವ ಈ ಹೆಸರಿನ ಹಿಂದೆ ಒಂದು ಕಾಲಕ್ಕೆ ಚಿರತೆ ಓಡಾಡುತ್ತಿತ್ತು ಎಂದರೆ ಹನ್ನೊಂದರ ಹುಡುಗ ಮೆಟ್ರೊದ ಕಿಟಕಿಯಲ್ಲಿ ಹುಡುಕಲು ಶುರುಮಾಡುತ್ತಾನೆ. ಆಂಡರ್ಸನ್ ನಮ್ಮ ಬೆಂಗಳೂರಿನಲ್ಲೇ ಬಾಳಿದವನು. ಬೇಟೆ ತಪ್ಪಲ್ಲವಾ ಎಂದು ಮಗ ಕೇಳಬಹುದು, ಕೇಳಿದರೆ ಒಳ್ಳೆಯದೇ. 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಕಾಲ ಅದು ಎಂದು ಹೇಳಿ, ಉಳಿದದ್ದನ್ನು ಅವನು ಯೋಚಿಸಲಿ.

ಮಕ್ಕಳಿಗೆಂದೇ ಬರೆದ ಹೊಸ ಕಾದಂಬರಿಗಳಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಮೂರಕ್ಕೂ 2021, 2022, 2023ರಲ್ಲಿ ಸಾಲಾಗಿ ಅದೇ ಪುರಸ್ಕಾರ ಬಂದಿದೆ. ಅಂದರೆ ಮೂರು ವರ್ಷವೂ ಗೆದ್ದದ್ದು ಕಾದಂಬರಿಯೇ. ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಉತ್ತರ ಕನ್ನಡದವರು, ಒಬ್ಬರು ಕುಂದಾಪುರದ ಕಡೆಯವರು. ಮೂರು ಸೀಮೆಯ ಕನ್ನಡ ಕೇಳಿದ ಹಾಗಾಯಿತು. ಶೀರ್ಷಿಕೆಗಳನ್ನು ಮಗನಿಗೆ ಹೇಳಿ, ಯಾವುದು ಬೇಕೋ ಅವನೇ ಆರಿಸಲಿ. ನನ್ನ ಅಂದಾಜು, ಓಡಿ ಹೋದವನನ್ನೇ ಆರಿಸುತ್ತಾನೆ. ಆ ವಯಸ್ಸಿನಲ್ಲಿ ಮನಸ್ಸಿನೊಳಗೆ ಒಮ್ಮೆಯಾದರೂ ಮನೆ ಬಿಟ್ಟು ಓಡದ ಮಕ್ಕಳು ಕಮ್ಮಿ. ಇವುಗಳ ಪಕ್ಕಕ್ಕೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಇಡುತ್ತೇನೆ. ಡಿಸೋಜರು ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿ, ಊರುಗಳು ನೀರಿಗೆ ಹೋದದ್ದನ್ನು ಕಣ್ಣಾರೆ ಕಂಡವರು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದವರ ಕತೆ ಅವರ ಬರವಣಿಗೆಯನ್ನು ಜೀವಮಾನವಿಡೀ ಬಿಡಲಿಲ್ಲ. ನಿಮ್ಮ ಮನೆಯ ಫ್ಯಾನು ತಿರುಗುವ ಕರೆಂಟಿಗೂ ಅವರ ಪುಸ್ತಕಕ್ಕೂ ಸಂಬಂಧವಿದೆ ಎಂದು ಮಕ್ಕಳಿಗೆ ಹೇಳಬಹುದು.

ಮಗಳ ವಿಚಾರ ನಾಜೂಕು. ಕಣ್ಣಿನ ಕನ್ನಡ ಎಂಟು ವರ್ಷದ್ದು ಎಂದು ಎಂಟು ವರ್ಷದವರ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ. ಅವಳಿಗೆ ಬೇಕಾದದ್ದು ತೆಳ್ಳಗಿನ, ಮಾತು ಸಲೀಸಾಗಿರುವ, ಆದರೆ ದೊಡ್ಡವರಿಗೆ ಬರೆದ ಕಾದಂಬರಿ. ನಾನು ಯೋಚಿಸದೆ ಹೇಳುವ ಹೆಸರು 1980ರಲ್ಲಿ ಬಂದ ‘ಕರ್ವಾಲೊ’. ಇದನ್ನು ಅರ್ಧ ಹೇಳುವುದು ಹೇಗೆಂದು ನಾನೇ ತೋರಿಸುತ್ತೇನೆ. ಮೂಡಿಗೆರೆಯಲ್ಲೊಬ್ಬ ಮಂದಣ್ಣ. ಜೇನು ಹುಡುಕಿಕೊಂಡು ಕಾಡು ಅಲೆಯುವವನು. ಒಂದು ಕೆಲಸ ಸಿಕ್ಕಿ ಮದುವೆಯಾದರೆ ಸಾಕು ಎಂಬುದು ಅವನ ತಲೆಬಿಸಿ, ಊರವರ ಲೆಕ್ಕದಲ್ಲಿ ಉಂಡಾಡಿ. ಅಲ್ಲೇ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿಯೂ ಇದ್ದಾರೆ. ಆ ದೊಡ್ಡ ಮನುಷ್ಯರು ಊರಿನ ಬುದ್ಧಿವಂತರನ್ನೆಲ್ಲ ಬಿಟ್ಟು ಈ ಮಂದಣ್ಣನ ಬೆನ್ನು ಬಿದ್ದಿದ್ದಾರೆ. ಯಾಕೆ? ಮಂದಣ್ಣ ಕಾಡಿನಲ್ಲಿ ಏನೋ ನೋಡಿದ್ದಾನೆ. ಇದ್ದರೆ, ವಿಜ್ಞಾನದ ಪುಸ್ತಕಗಳನ್ನು ಇನ್ನೊಮ್ಮೆ ತಿದ್ದಬೇಕಾದಂಥದ್ದು.

ಇಲ್ಲಿಗೆ ನಿಲ್ಲಿಸಿ. ಏನು ನೋಡಿದ ಎಂದು ಕೇಳಿದರೆ ಒಗ್ಗರಣೆ ಸೀಯುತ್ತಿದೆ ಅನ್ನಿ.

ನಿಮ್ಮ ಮಗಳಿಗೆ ಇದು ಹಿಡಿಸುತ್ತದೆಂದು ನನಗೆ ಅನ್ನಿಸುವುದಕ್ಕೆ ಕಾರಣವಿದೆ. ಒಂಬತ್ತನೇ ತರಗತಿಯಲ್ಲಿ ಮಕ್ಕಳನ್ನು ಜಾಣರು, ದಡ್ಡರು ಎಂದು ಜಗತ್ತು ವಿಂಗಡಿಸಲು ಹೊರಡುತ್ತದೆ. ಆ ವಿಂಗಡಣೆಯನ್ನೇ ತಮಾಷೆ ಮಾಡುವ ಪುಸ್ತಕ ಇದು. ಪಾಠ ಹೇಳುವ ಧಾಟಿ ಎಲ್ಲೂ ಇಲ್ಲ. ಆಮೇಲೆ ಅದರಲ್ಲೂ ಕಿವಿ ಇದೆ, ತಮ್ಮನಿಗೆ ಅಕ್ಕನೇ ಹೇಳಬಹುದು. ‘ಕರ್ವಾಲೊ’ ಹಿಡಿದರೆ ‘ಜುಗಾರಿ ಕ್ರಾಸ್’ ತಡೆಯುವುದು ನಿಮ್ಮ ಕೈಲಾಗುವುದಿಲ್ಲ. ಏಲಕ್ಕಿ ಬೆಳೆಗಾರ ಗಂಡ ಹೆಂಡತಿ ಸುರೇಶ, ಗೌರಿ. ಒಂದು ಹಗಲು ಒಂದು ರಾತ್ರಿಯ ಕತೆ. ನಡುವೆ ಕೆಳಗಿಡಲು ಜಾಗವಿಲ್ಲ. ಪತ್ತೇದಾರಿ ರುಚಿ ಹತ್ತಿದರೆ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’, ‘ಕರಿಸಿರಿಯಾನ’ ಇವೆ. ಕೃಷಿ ವಿಜ್ಞಾನಿಯೊಬ್ಬರು ಇತಿಹಾಸದ ಒಗಟುಗಳ ಬೆನ್ನು ಹತ್ತಿ ಬರೆದವು. ಅವುಗಳ ಕನ್ನಡ ಬಹಳ ಸೊಗಸಿನದು ಎಂದು ನಾನು ಹೇಳಲಾರೆ, ಆದರೆ ಪುಟ ಓಡುತ್ತದೆ. ನಿಮ್ಮ ಮಗಳ ಕಣ್ಣಿಗೆ ಈಗ ಬೇಕಾದದ್ದು ಓಟವೇ. ಚೆಂದ ಆಮೇಲೆ ನೋಡಿಕೊಳ್ಳೋಣ.

ಆ ಇಂಗ್ಲಿಷ್ ಪ್ರೇಮಕತೆಯ ಭಯಕ್ಕೆ ಬರುತ್ತೇನೆ. ಯಾವ ಪುಸ್ತಕ ಎಂದು ನೀವು ಬರೆದಿಲ್ಲ. ಈ ವಯಸ್ಸಿನ ಹುಡುಗಿಯರ ಕೈಯಲ್ಲಿ ಈಗ ಹೆಚ್ಚು ಓಡಾಡುವುದು ಕೊಲೀನ್ ಹೂವರ್ ಎಂಬ ಅಮೆರಿಕದ ಲೇಖಕಿಯ ಕಾದಂಬರಿಗಳು. ಅವರ ‘ಇಟ್ ಎಂಡ್ಸ್ ವಿತ್ ಅಸ್’ 2016ರದು. ಅದರಲ್ಲಿ ಹದಿನಾಲ್ಕರ ಹುಡುಗಿಗೆ ತೀರಾ ಬೇಗ ಎನ್ನಿಸುವ ಪುಟಗಳು ಇವೆ, ಮುಚ್ಚಿಡುವುದಿಲ್ಲ. ಆದರೆ ಕತೆಯ ಹೂರಣ ಪ್ರೀತಿಸಿ ಮದುವೆಯಾದ ಗಂಡ ಕೈ ಎತ್ತಿದಾಗ ಹೆಣ್ಣು ಏನು ಮಾಡಬೇಕು ಎಂಬುದು. ಕಸಿದುಕೊಂಡರೆ ಆ ಪುಟಗಳನ್ನು ಅವಳು ಒಬ್ಬಳೇ ಓದುತ್ತಾಳೆ, ಆ ಪ್ರಶ್ನೆಯನ್ನೂ ಒಬ್ಬಳೇ ಹೊತ್ತುಕೊಳ್ಳುತ್ತಾಳೆ. ಬದಲಿಗೆ ‘ಕತೆ ಏನೇ?’ ಎಂದು ಕೇಳಿ. ಅವಳು ನಿಮಗೆ ಅರ್ಧ ಹೇಳಲಿ. ಹೇಳುವಾಗ ಎಲ್ಲಿ ತಡವರಿಸುತ್ತಾಳೆ, ಯಾರ ಪಕ್ಷ ವಹಿಸುತ್ತಾಳೆ, ಇಷ್ಟು ಕೇಳಿಸಿಕೊಂಡರೆ ನಿಮಗೆ ಗೊತ್ತಾಗಬೇಕಾದದ್ದು ಗೊತ್ತಾಗುತ್ತದೆ. ಹೊದಿಕೆಯೊಳಗೆ ಮೊಬೈಲ್ ಬೆಳಕು ಕಣ್ಣಿಗೆ ಕೆಟ್ಟದ್ದು, ದೀಪ ಹಾಕಿಯೇ ಓದು ಎಂದುಬಿಡಿ. ಕದ್ದು ಓದುವ ಅವಶ್ಯಕತೆ ಅರ್ಧ ಅಲ್ಲೇ ಮುಗಿಯುತ್ತದೆ. ಲಂಗದ ಮಡಿಲಲ್ಲಿ ಕಾದಂಬರಿ, ಅದರ ಮೇಲೆ ಸಮಾಜಶಾಸ್ತ್ರದ ಪುಸ್ತಕ ಇಟ್ಟುಕೊಂಡು ಓದಿದ ತಲೆಮಾರು ನಮ್ಮದು, ನೀವೂ ಅದರಲ್ಲೊಬ್ಬರಾಗಿದ್ದರೆ ಅವಳಿಗೆ ಹೇಳಿಬಿಡಿ.

ಹೆಣ್ಣಿನ ಬದುಕು, ಪ್ರೀತಿ, ಮದುವೆ ಅವಳನ್ನು ಎಳೆಯುತ್ತಿದ್ದರೆ ಕನ್ನಡದಲ್ಲಿ ಅದಕ್ಕೇನೂ ಬರ ಇಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುತ್ತಾರೆ. 1899ರಷ್ಟು ಹಿಂದೆಯೇ ಅದರ ನಾಯಕಿ ಎಳೆ ವಯಸ್ಸಿನ ವಿಧವೆ, ಮನೆಯಿಂದ ತಪ್ಪಿಸಿಕೊಂಡು ಓದಿ ಮತ್ತೆ ಮದುವೆಯಾಗುತ್ತಾಳೆ. ಅದರ ಹಳೆಗಾಲದ ಭಾಷೆ ಈಗ ಅವಳಿಗೆ ಬೇಡ, ಸಂಗತಿ ಮಾತ್ರ ಹೇಳಿ. ಓದಲು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೊಡಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ದೀರ್ಘಕಾಲ ಬಾಳಿದ ಬಗೆ, ಲೇಖಕಿಯ ಸ್ವಂತ ಮನೆತನದಿಂದ ಬಂದ ಕತೆ. ಚಿಕ್ಕದು, ಅಜ್ಜಿ ಎದುರು ಕೂತು ಹೇಳಿದ ಹಾಗಿದೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದಾರೆ. ಇನ್ನೊಂದು ವರ್ಷ ಕಳೆದ ಮೇಲೆ ನಿಮ್ಮ ತ್ರಿವೇಣಿಯವರ ‘ಶರಪಂಜರ’. ಬಾಣಂತನದಲ್ಲಿ ಮನಸ್ಸು ಕೆಟ್ಟು ಗುಣವಾಗಿ ಬಂದವಳನ್ನು ಮನೆಯವರು, ನೆಂಟರು ಮತ್ತೆ ಹೇಗೆ ಹುಚ್ಚಿಯಾಗಿಸುತ್ತಾರೆ ಎಂಬುದನ್ನು ತ್ರಿವೇಣಿ ಅಷ್ಟು ಹಿಂದೆ ಬರೆದರು. ಅವರು ತೀರಿಕೊಂಡದ್ದು 1963ರಲ್ಲಿ, ನಲವತ್ತೂ ತುಂಬಿರಲಿಲ್ಲ. ಸಲಹಾ ಕೇಂದ್ರದಲ್ಲಿ ಕೂತು ದಿನಾ ಜನರ ಕತೆ ಕೇಳುವ ನಾನು ಇವತ್ತಿಗೂ ಆ ಪುಸ್ತಕವನ್ನು ನೆನೆಯುತ್ತೇನೆ. ಅಮ್ಮನಿಗೂ ಮಗಳಿಗೂ ಒಂದೇ ಪುಸ್ತಕ ಎಂದರೆ ಇದು.

ಅವಳು ಸಿಟ್ಟಿನ ಸ್ವಭಾವದವಳಾಗಿದ್ದರೆ, ಅನ್ಯಾಯ ಕಂಡರೆ ಮುಖ ಕೆಂಪಾಗುವವಳಾಗಿದ್ದರೆ, ನಿರಂಜನರ ‘ಚಿರಸ್ಮರಣೆ’. ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟ, ಇಬ್ಬರು ಹುಡುಗರು ಬೆಳೆದು ದೊಡ್ಡವರಾಗುವ ಕಣ್ಣಿನಿಂದ. ನಿಜದಲ್ಲಿ ಆ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದರು. ಇನ್ನೊಬ್ಬನಿಗೆ ವಯಸ್ಸು ಸಾಲದೆಂದು ಪ್ರಾಣ ಉಳಿಯಿತು. ಕೊನೆಯ ಈ ಸಂಗತಿಯನ್ನಷ್ಟೇ ಹೇಳಿ ಪುಸ್ತಕ ಇಟ್ಟುಬಿಡಿ. ಮೆತ್ತಗಿನ ಮನಸ್ಸಿನವಳಾದರೆ ಕಾರಂತರ ‘ಬೆಟ್ಟದ ಜೀವ’, 1943ರದೇ. ಸಂಜೆ ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಅಪರಿಚಿತ ವೃದ್ಧ ದಂಪತಿಯ ಮನೆ ಸೇರುತ್ತಾನೆ. ಬಿಸಿನೀರು, ಊಟ, ಮಾತು, ಎಲ್ಲ ಇದೆ. ಆ ಮನೆಯ ಮಗ ಮಾತ್ರ ಇಲ್ಲ. ಇದು ಓಡುವ ಪುಸ್ತಕವಲ್ಲ, ಆದ್ದರಿಂದ ಅವಳ ಕಣ್ಣು ಪಳಗಿದ ಮೇಲೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕೇಳಿದರೆ ಇನ್ನೆರಡು ವರ್ಷ ತಡಿ ಎನ್ನಿ. ಲಿಸ್ಬನ್ನಿನಿಂದ ವಿಜಯನಗರದವರೆಗಿನ ಆ ಕತೆಯಲ್ಲಿ ಕ್ರೌರ್ಯ ಬಹಳ. ತಡಿ ಎಂದರೆ ಮೊದಲೇ ಓದುತ್ತಾಳೆ ಎಂಬುದೂ ನನಗೆ ಗೊತ್ತು.

ಪುಸ್ತಕ ಎಲ್ಲಿ ತರುವುದು? ಕೊಳ್ಳಬೇಡಿ, ಸದ್ಯಕ್ಕೆ. ಹೊಲಿಗೆ ದುಡ್ಡಿನಲ್ಲಿ ತಂದದ್ದನ್ನು ಮಗು ಓದದಿದ್ದರೆ ನಿಮ್ಮ ಮುಖ ಬಾಡುತ್ತದೆ, ಅದನ್ನು ಮಗು ನೋಡುತ್ತದೆ, ಅಲ್ಲಿಗೆ ಪುಸ್ತಕ ಸಾಲವಾಯಿತು. ವಿಜಯನಗರದ ಹಂಪಿನಗರದಲ್ಲಿ ಸರ್ಕಾರಿ ಗ್ರಂಥಾಲಯ ಇದೆ, ನಿಮಗೆ ಮೆಟ್ರೊದಲ್ಲಿ ಎರಡು ನಿಲ್ದಾಣ. ಬಾಗಿಲಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಗುಂಪು ಕಂಡು ಹಿಂಜರಿಯಬೇಡಿ. ಅತ್ತಿಗುಪ್ಪೆ, ವಿಜಯನಗರದ ಕೋಚಿಂಗ್ ಸೆಂಟರುಗಳಿಂದ ಬಂದವರು ಅವರು. ಆ ಕಡೆ ಪುಸ್ತಕದಂಗಡಿ ಎಂದರೂ ಎಫ್‌ಡಿಎ, ಪಿಡಿಒ ಗೈಡುಗಳದೇ ರಾಜ್ಯಭಾರ. ಅವರನ್ನು ದಾಟಿ ಒಳಗೆ ಕಾದಂಬರಿಯ ಕಪಾಟು ಕೇಳಿ. ಮನೆ ಓನರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಹೋಗುತ್ತದೆ. ಅದು ಹೇಗೂ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ, ಆದ್ದರಿಂದ ಹಕ್ಕಿನಿಂದ ಹೋಗಿ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲೇ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಎರಡು. ಸಿಗಬೇಕಾದರೆ ನಡುವೆ ನಾಲ್ಕು ತಪ್ಪು ಪುಸ್ತಕ ಬಂದು ಹೋಗಲೇಬೇಕು. ತಂದದ್ದನ್ನು ಓದದೆ ಹಿಂತಿರುಗಿಸಿದರೆ ಯಾಕೆ ಎಂದು ಕೇಳಬೇಡಿ.

ಯಜಮಾನರ ಮಾತಿನಲ್ಲಿ ಅರ್ಥವಿದೆ, ತಳ್ಳಿಹಾಕುವುದಿಲ್ಲ. ಕಾದಂಬರಿ ಓದಿದರೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಜಾಸ್ತಿ ಬರುತ್ತದೆ ಎಂದು ಅವರಿಗೆ ಆಸೆ ತೋರಿಸಬೇಡಿ, ಅಂಥ ವ್ಯಾಪಾರಕ್ಕೆ ನಾನು ಸಾಕ್ಷಿ ಹಾಕಲಾರೆ. ಪರೀಕ್ಷೆ ಹತ್ತಿರ ಬಂದಾಗ ಅವಳೇ ಕಮ್ಮಿ ಮಾಡುತ್ತಾಳೆ. ಉಳಿದ ದಿನ ಮಲಗುವ ಮುಂಚೆ ಅರ್ಧ ಗಂಟೆ. ಅದರಿಂದ ಮನೆ ಮುಳುಗುವುದಿಲ್ಲ. ಸಾಧ್ಯವಾದರೆ ಆ ಅರ್ಧ ಗಂಟೆ ಅವರನ್ನೂ ಕೂರಿಸಿಕೊಳ್ಳಿ. ಮಾಗಡಿ ಚಿರತೆಯ ಕತೆಯನ್ನು ಗಂಡಸರು ಟಿವಿ ಸೌಂಡ್ ಕಡಿಮೆ ಮಾಡಿ ಕೇಳುವುದನ್ನು ನಾನು ಕಂಡಿದ್ದೇನೆ.

ಈಗ ನಿಮ್ಮ ಆ ಸಾಲು. ಈಗ ಟೈಮೆಲ್ಲಿ ಎಂದು ಬರೆದಿದ್ದೀರಿ. ಮಗಳಿಗೆ 14 ಎಂದರೆ ಹದಿನೈದು ಹದಿನಾರು ವರ್ಷದಿಂದ ನಿಮ್ಮ ಕೈಗೆ ಕಾದಂಬರಿ ಬಂದಿಲ್ಲ. ನಿಮ್ಮ ಮಕ್ಕಳು ನೀವು ಹೊಲಿಯುವುದನ್ನು ನೋಡಿದ್ದಾರೆ, ಬೇಯಿಸುವುದನ್ನು ನೋಡಿದ್ದಾರೆ, ಓದುವುದನ್ನು ನೋಡಿಲ್ಲ. ದೂರುತ್ತಿಲ್ಲ ತಾಯಿ. ಎರಡು ಮಕ್ಕಳು, ಬಾಡಿಗೆ ಮನೆ, ಹಬ್ಬದ ಸೀಸನ್ನಿನಲ್ಲಿ ರಾತ್ರಿ ಹನ್ನೆರಡರವರೆಗೆ ಪೆಡಲು ತುಳಿಯುವುದು, ಇವೆಲ್ಲ ನನಗೆ ಗೊತ್ತಿಲ್ಲದ ಸಂಗತಿಗಳಲ್ಲ. ಆದರೆ ಗ್ರಂಥಾಲಯದಲ್ಲಿ ಸದಸ್ಯತ್ವದ ಅರ್ಜಿ ತುಂಬುವಾಗ ಮೊದಲು ನಿಮ್ಮ ಹೆಸರು ಬರೆಯಿರಿ. ಮೊದಲ ವಾರ ಸಾಯಿಸುತೆಯವರದೇ ಒಂದು ತನ್ನಿ, ನಾಚಿಕೆ ಬೇಡ. ಕೊಕ್ಕೆ ಗುಂಡಿ ಹಾಕುವ ಕೆಲಸವನ್ನು ಒಂದು ದಿನ ಮುಂದೂಡಿ. ಕಾದಂಬರಿಯಲ್ಲಿ ಮುಳುಗಿ ಹಾಲು ಉಕ್ಕಿಸಿ. ಅಮ್ಮನಿಗೆ ಹಾಲು ಮರೆಸುವಂಥದ್ದು ಆ ಪುಸ್ತಕದಲ್ಲೇನಿದೆ ಎಂದು ಮಕ್ಕಳಿಗೆ ಒಮ್ಮೆ ಅನ್ನಿಸಲಿ.

ಕೊನೆಯದಾಗಿ, ಶೋಕೇಸಿನಲ್ಲಿರುವ ‘ಮಲೆಗಳಲ್ಲಿ ಮದುಮಗಳು’. ಅದನ್ನು ಮಗಳ ಮೇಜಿಗೆ ಮತ್ತೆ ಹಾಕಬೇಡಿ. ಧೂಳು ಒರೆಸಿ ನಿಮ್ಮ ದಿಂಬಿನ ಪಕ್ಕ ಇಟ್ಟುಕೊಳ್ಳಿ, ಅದು ನಿಮ್ಮದು. ದಿನಕ್ಕೆ ಐದು ಪುಟವಾದರೂ ಸಾಕು, ಯಾರು ಯಾರೆಂದು ಗೊಂದಲವಾದರೆ ಒಂದು ಚೀಟಿಯಲ್ಲಿ ಹೆಸರು ಬರೆದುಕೊಳ್ಳಿ, ನಾನೂ ಹಾಗೇ ಮಾಡಿದ್ದು. ಅದರಲ್ಲಿ ಗುತ್ತಿ ಎಂಬವನಿದ್ದಾನೆ, ಅವನ ಬೆನ್ನಿಗೇ ಹುಲಿಯ ಎಂಬ ನಾಯಿ. ಆ ನಾಯಿಯಿಂದಲೇ ಅವನಿಗೆ ನಾಯಿಗುತ್ತಿ ಎಂದು ಹೆಸರು. ಹುಲಿಯನ ಕತೆಯನ್ನು ಮಗನಿಗೆ ದಿನಾ ರಾತ್ರಿ ಒಂದಿಷ್ಟು ಹೇಳುತ್ತಾ ಬನ್ನಿ. ಅದು ಎಷ್ಟು ದೊಡ್ಡದು, ಯಾರ ಮೇಲೆ ಎಗರಿತು, ಗುತ್ತಿಯ ಹಿಂದೆ ಯಾವ ಕಾಡಿಗೆ ಹೋಯಿತು. ಕೊನೆಗೆ ಹುಲಿಯನಿಗೆ ಏನಾಯಿತು ಎಂದು ಅವನು ಕೇಳೇ ಕೇಳುತ್ತಾನೆ. ಹೇಳಬೇಡಿ.